ಗಾಣದ ಪಿನ್ನು

ಮಾಘದ ಬಿಸಿಲೇರುವ ಹೊತ್ತಿಗೆ ಮಲ್ಲಿಪಟ್ಟಣದ ಆಲೆಮನೆಗಳೆಲ್ಲ ಹೊಗೆಯಾಡುತ್ತಿದ್ದವು. ದ್ಯಾವಯ್ಯನದು ಮಾತ್ರ ತಣ್ಣಗಿತ್ತು. ಗಾಣದ ಪಿನ್ನು ಮುರಿದಿತ್ತು. ಕಡಿದು ರಾಶಿ ಹಾಕಿದ ಕಬ್ಬು ನಾಳೆ ಕಳೆದರೆ ಹುಳಿಯಾಗುತ್ತದೆ. ಯುದ್ಧದ ಕಾಲ, ಹಾಸನದಲ್ಲೂ ಕಬ್ಬಿಣ ಸಿಗದು. ಹಳೇ ಗಾಡಿಯ ಅಚ್ಚಿನ ತುಂಡೊಂದನ್ನು ಹೊತ್ತು ಅವನು ಅರಕಲಗೂಡಿಗೆ, ಭುಜಬಲಿಯ ಮನೆಗೆ ಬಂದ.

ಭುಜಬಲಿ ಜವಳಿ ವ್ಯಾಪಾರಿ. ಊರು ಬಿಟ್ಟ ಕಾಫಿತೋಟದ ದೊರೆಯಿಂದ ಕಾಲಲ್ಲಿ ತುಳಿದು ಕಬ್ಬಿಣ ಕಡೆಯುವ ಲೇತು ಯಂತ್ರ ಕೊಂಡು ಹಿತ್ತಲ ಜಗಲಿಯಲ್ಲಿಟ್ಟಿದ್ದ, ಬರೀ ಖಯಾಲಿಗೆ. ದ್ಯಾವಯ್ಯ ಗಾಣದ ತೂತಿಗೆ ಸರಿಯಾಗಿ ಕೆತ್ತಿ ತಂದಿದ್ದ ಕಡ್ಡಿಯ ಅಳತೆಗೆ ಇಳಿಹೊತ್ತಿನೊಳಗೆ ಪಿನ್ನು ಕಡೆದ. ಇನ್ನು ಅದನ್ನು ಅಚ್ಚಿನ ತುಂಡಿನಿಂದ ಕೊಯ್ದು ಬಿಡಿಸಬೇಕು. ತೆಳ್ಳನೆಯ ಉಳಿ ಒಂದೇ ಇತ್ತು. ಕಬ್ಬಿಣಕ್ಕೆ ತಾಗಿದ್ದೇ ಕಿರುಚಿತು.

"ಇದ್ಯಾಕ್ ಸಾ, ಕುಯ್ಯೋಕ್ ಮುಂಚೇನೇ ಇಂಗ್ ಅರಚ್ಕತದೆ?"

"ಜಾರಿಕೆ ಬೇಕು. ದೊರೆ ಹಂದಿಕೊಬ್ಬು ಸವರ್ತಿದ್ದನಂತೆ."

"ಅಷ್ಟೇಯಾ? ಈಗ್ಲೇ ತತ್ತೀನಿ. ನೀವ್ ಮುಟ್ಬ್ಯಾಡಿ, ನಾನ್ ಸವರ್ತೀನಿ."

ಒಳಗಿನಿಂದ ಹೆಂಡತಿ ರಾಜೀಮತಿಯ ದನಿ ಬಂತು: "ಅದು ಈ ಹಿತ್ತಲಿಗೆ ಬಂದರೆ ಯಂತ್ರವೂ ಆಚೆ, ತುಳಿಯೋರೂ ಆಚೆ!"

ಹೊಂಗೆ ಎಣ್ಣೆ ಸುರಿದರು. ಹೊಗೆ ಬಂತು, ಎಣ್ಣೆ ಸೋರಿಹೋಯಿತು, ಉಳಿ ನಡುಗಿತು. ಸ್ವಲ್ಪ ಹೊತ್ತಿಗೆ ರಾಜೀಮತಿಯೇ ದೇವರ ದೀಪದ ಹರಳೆಣ್ಣೆ ಗಿಂಡಿ ಹಿಡಿದು ಬಂದಳು. "ಇದು ಅಂಟುತ್ತೆ, ಓಡಿಹೋಗಲ್ಲ. ನೋಡೋಣ."

ಅವಳು ತೊಟ್ಟಿಕ್ಕಿಸಿದಳು. ಕಿರುಚು ಗುನುಗಾಯಿತು; ಸುರುಳಿ ಸುರುಳಿಯಾಗಿ ಕಬ್ಬಿಣದ ಸಿಪ್ಪೆ ಎದ್ದುಬಂತು. ಅರ್ಧ ಇಳಿದ ಮೇಲೆ ಉಳಿ ಬಿಗಿದುಕೊಂಡಿತು. ಇನ್ನೊಂದು ತಳ್ಳು ತಳ್ಳಿದ್ದರೆ ಮುರಿಯುತ್ತಿತ್ತು. ಭುಜಬಲಿ ಉಳಿಯನ್ನು ಹಿಂದಕ್ಕೆಳೆದು, ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಕೊರೆದ ಸಂದನ್ನೇ ಅಗಲ ಮಾಡಿದ. ಆಮೇಲೆ ಮತ್ತೆ ಇಳಿಸಿದ. ಮೂವರೂ ಬಗ್ಗಿ ನೋಡುತ್ತಿದ್ದರು. ಪಿನ್ನು ಟಣ್ ಎಂದು ಕಳಚಿ ದ್ಯಾವಯ್ಯ ಹಿಡಿದಿದ್ದ ಗೋಣಿತಟ್ಟಿಗೆ ಬಿತ್ತು.

ತಲೆಯೆತ್ತಿದರೆ ಸೂರ್ಯ ಮುಳುಗಿದ್ದ. ಇನ್ನು ಆ ಜೈನರ ಮನೆಯಲ್ಲಿ ಬೆಳಗಿನವರೆಗೆ ಊಟವಿಲ್ಲ.

"ಅಯ್ಯಯ್ಯೋ, ನನ್ನಿಂದ ಉಪವಾಸ ಬಿದ್ರಲ್ಲ ಸಾ! ಏನ್ ಕೊಡ್ಲಿ?"

"ನಮ್ಮ ದೀಪದ ಎಣ್ಣೆ ಕೊಡು," ಎಂದಳು ರಾಜೀಮತಿ.

"ನನಗೆ ಆ ಮುರಿದ ಪಿನ್ನು," ಎಂದ ಭುಜಬಲಿ. "ಯಾಕೆ ಮುರೀತು ನೋಡಬೇಕು."

ಆಲೆ ಮುಗಿದ ಮೇಲೆ ದ್ಯಾವಯ್ಯ ಗಿಂಡಿ ತುಂಬ ಹರಳೆಣ್ಣೆ, ಒಂದು ಉಂಡೆ ಬೆಲ್ಲ, ಚಿಂದಿಯಲ್ಲಿ ಸುತ್ತಿದ ಹಳೇ ಪಿನ್ನಿನ ಮುರುಕುಗಳನ್ನು ತಂದ. ರಾಜೀಮತಿ ಎಣ್ಣೆ ನೋಡಿ, "ಸರಿಹೋಯ್ತು ದ್ಯಾವಯ್ಯ," ಎಂದಳು. ಅಂಗಡಿಯಲ್ಲಿ ಸೀರೆ ಕೊಳ್ಳಲು ಬಂದ ಹೆಂಗಸರು ಕಾಯುತ್ತಲೇ ಇದ್ದರು. ಭುಜಬಲಿ ಬಾಗಿಲ ಬೆಳಕಿನಲ್ಲಿ ಎರಡು ಮುರುಕುಗಳನ್ನೂ ಜೋಡಿಸಿ, ಬಿಡಿಸಿ ನೋಡುತ್ತಿದ್ದ.