ಮೂರನೇ ಮಹಡಿಯ ನೆಗಡಿ

ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ಕಾಯಿಲೆಯವರನ್ನು ನೋಡಿಕೊಂಡ ಮೇಲೆ, ನಾನು ಡಾಕ್ಟರ್ ಐಲಿನ್ ಪೆಟ್ರಿಯವರ ಹತ್ತಿರ ಸೇರಿ ಚೆನ್ನಾಗಿರುವವರಿಗೆ ನೆಗಡಿ ಹತ್ತಿಸುವ ಕೆಲಸ ಹಿಡಿದೆ. ನನ್ನ ತಾಯಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. "ವೆರ್ನಾ, ಪುಕ್ಕಟೆ ಸಿಗೋದನ್ನ ನೀವ್ಯಾಕೆ ಹಂಚ್ತೀರಿ?" ಎಂದು ಕೇಳುತ್ತಲೇ ಇದ್ದಳು.

ಆ ಫೆಬ್ರವರಿಯಲ್ಲಿ ಕೆನಡಾದ ಸಸ್ಕಟೂನಿನಲ್ಲಿ ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ. ನಗರದ ಅಂಚಿನ ಹೋಟೆಲೊಂದರ ಮೂರನೇ ಮಹಡಿಯನ್ನು ಪೂರ್ತಿ ಬಾಡಿಗೆಗೆ ಹಿಡಿದಿದ್ದೆವು. ಇಪ್ಪತ್ನಾಲ್ಕು ಜನ ಸ್ವಯಂಸೇವಕರು, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂಬತ್ತು ದಿನ ಯಾರೂ ಯಾರನ್ನೂ ನೋಡುವಂತಿಲ್ಲ. ಎಲ್ಲರ ಮೂಗಿಗೂ ನೆಗಡಿ ವೈರಸ್ಸಿನ ಹನಿ ಬಿಡುತ್ತೇವೆ. ಆಮೇಲೆ ದಿನಕ್ಕೆ ನಾಲ್ಕು ಸಲ ಮೂಗಿಗೆ ಸ್ಪ್ರೇ. ಅರ್ಧ ಜನಕ್ಕೆ ಹೊಸ ಔಷಧಿ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಮೊದಲ ದಿನ ಎಲ್ಲರನ್ನೂ ಕೆಳಗಿನ ಸಭಾಂಗಣದಲ್ಲಿ ಕೂರಿಸಿ ಡಾಕ್ಟರ್ ಪೆಟ್ರಿ ವಿವರಿಸಿದರು. "ವೈರಸ್ ತಾನಾಗಿ ಮಾಡೋ ಹಾನಿ ಸ್ವಲ್ಪಾನೇ. ಅದನ್ನ ಓಡಿಸೋಕೆ ನಿಮ್ಮ ಮೈ ಮಾಡೋ ಗಲಾಟೆ ದೊಡ್ಡದು. ಮೂಗು, ಗಂಟಲು, ಉಸಿರುನಾಳ, ಎಲ್ಲದರ ಒಳಗೋಡೆ ಊದ್ಕೊಂಡು ನೀರು ಸುರಿಸುತ್ತೆ. ಈ ಔಷಧಿ ವೈರಸ್ಸನ್ನ ಕೊಲ್ಲಲ್ಲ. ಗಲಾಟೆ ತಗ್ಗಿಸುತ್ತೆ."

ಹಿಂದಿನ ಸಾಲಿನಿಂದ ಭಾರೀ ಕಂಠವೊಂದು ಎದ್ದಿತು. "ಅಂದ್ರೆ ಕಳ್ಳನ್ನ ಬಿಟ್ಟು ಬೊಗಳೋ ನಾಯಿಗೆ ನಿದ್ದೆ ಮಾತ್ರೆ ಕೊಟ್ಟಂಗೆ?"

ಡಾಕ್ಟರ್ ತಲೆಯಾಡಿಸಿದರು. "ಹೆಚ್ಚುಕಮ್ಮಿ ಹಾಗೇ. ಆದ್ರೆ ಈ ಕಳ್ಳ ವಾರದಲ್ಲಿ ತಾನೇ ಹೊರಟುಹೋಗ್ತಾನೆ. ಅಷ್ಟರೊಳಗೆ ನಾಯಿ ಮನೆ ಸಾಮಾನೆಲ್ಲ ಒಡೆದು ಹಾಕುತ್ತಲ್ಲ, ಅದು ನಮ್ಮ ತೊಂದರೆ."

ಕಂಠದ ಒಡೆಯ ಒರೆಸ್ಟ್ ಸವ್ಚುಕ್. ವಯಸ್ಸು ಐವತ್ತೆಂಟು, ವಕಾ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ, ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದ. ಪಕ್ಕದಲ್ಲಿದ್ದ ಅವನ ಹೆಂಡತಿ ಸ್ಟೆಫಾ ಅದೇ ಚರ್ಚಿನ ಅಡುಗೆಮನೆ ನಡೆಸುವವಳು. ವಾರಕ್ಕೆ ಸಾವಿರ ಪೆರೊಗಿ ಕಡುಬು ಮಡಿಸುವ ಕೈ, ಮಾತಿಗೆ ಬಿಡುವಿಲ್ಲದ ಬಾಯಿ.

"ಇವನಿಗೋಸ್ಕರಾನೇ ಬಂದಿದ್ದು ಕಣಮ್ಮ," ಎಂದಳು ನನಗೆ. "ಒಂದು ಸೀನು ಬಂದ್ರೆ ಪಾದ್ರೀನ ಕರೆಸು ಅಂತಾನೆ. ನೆಗಡಿ ಅಂದ್ರೆ ಎಷ್ಟು ಅಂತ ಯಾರಾದ್ರೂ ತೂಗಿ ಹೇಳ್ಲಿ ಇವನಿಗೆ."

"ನಿನಗೇನೇ ಗೊತ್ತು? ನಿನಗೆ ನೆಗಡೀನೇ ಬರಲ್ಲ. ವೈರಸ್ಸೂ ನಿನ್ನ ಬಾಯಿಗೆ ಹೆದರುತ್ತೆ," ಎಂದ ಒರೆಸ್ಟ್.

ಕೋಣೆಗಳಿಗೆ ಹೊರಡುವ ಮುನ್ನ ಸ್ಟೆಫಾ ನನ್ನ ಮೊಣಕೈ ಹಿಡಿದು, ಪಕ್ಕಪಕ್ಕದ ಕೋಣೆ ಕೊಟ್ಟರೆ ಸಾಕು, ಗೋಡೆಯಾಚೆ ಅವನ ಗೊರಕೆ ಕೇಳದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದಳು. ನಾನು ಕರಗಿದೆ. ಮುನ್ನೂರಾರು ಅವನಿಗೆ, ಮುನ್ನೂರೇಳು ಅವಳಿಗೆ. ನಡುವೆ ಎರಡೂ ಕಡೆ ಚಿಲಕವಿರುವ ಒಂದು ಬಾಗಿಲಿತ್ತು. ಅದನ್ನು ನಾನು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದೆ, ದೊಡ್ಡವರು, ತಿಳಿದವರು ಎಂದುಕೊಂಡೆ.

ಪ್ರತಿಯೊಬ್ಬರೂ ಮೂರು ಗಂಟೆಗೊಮ್ಮೆ ಒಂದು ಹಾಳೆಯಲ್ಲಿ ಅಂಕ ಬರೆಯಬೇಕು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ನಾಲ್ಕು. ಒರೆಸಿ ಎಸೆಯುವ ಕಾಗದದ ಕರವಸ್ತ್ರಗಳನ್ನು ಚೀಲದಲ್ಲಿ ಕಟ್ಟಿಡಬೇಕು. ಬೆಳಿಗ್ಗೆ ನಾನು ಅವನ್ನೂ ಸ್ಪ್ರೇ ಬಾಟಲಿಗಳನ್ನೂ ತೂಗುತ್ತಿದ್ದೆ. ಪರರ ಸಿಂಬಳವನ್ನು ಗ್ರಾಂ ಲೆಕ್ಕದಲ್ಲಿ ಬಲ್ಲವರು ಈ ಊರಿನಲ್ಲಿ ಬಹಳ ಜನ ಇರಲಿಕ್ಕಿಲ್ಲ.

ಒರೆಸ್ಟ್ ಮೊದಲ ಬೆಳಿಗ್ಗೆಯೇ ಮೂಗಿಗೆ ನಾಲ್ಕು, ಗಂಟಲಿಗೆ ನಾಲ್ಕು, ತಲೆನೋವಿಗೆ ನಾಲ್ಕು ಬರೆದಿದ್ದ. ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಐದು ಇದ್ದಿದ್ದರೆ ಐದು' ಎಂದೂ ಸೇರಿಸಿದ್ದ.

"ಒರೆಸ್ಟ್, ನಿಮಗೆ ಇನ್ನೂ ವೈರಸ್ಸೇ ಹಾಕಿಲ್ಲ. ಹನಿ ಬಿಡೋದು ಮಧ್ಯಾಹ್ನ."

"ಮೈಗೆ ಮುಂಚೇನೇ ಗೊತ್ತಾಗುತ್ತೆ, ಸಿಸ್ಟರ್."

ಹನಿ ಬಿಟ್ಟ ಮೇಲೂ ಅವನ ಚೀಲ ಒಂದು ಗ್ರಾಂ ದಾಟಲಿಲ್ಲ, ಅಂಕ ಮಾತ್ರ ನಾಲ್ಕರಿಂದ ಇಳಿಯಲಿಲ್ಲ. ಮೂರನೇ ದಿನ ಚೀಲ ಇದ್ದಕ್ಕಿದ್ದಂತೆ ನಲವತ್ತು ಗ್ರಾಂ ತೂಗಿತು. ಡಾಕ್ಟರ್ ಪೆಟ್ರಿ ಖುಷಿಯಿಂದ ಎದ್ದು ಬಂದರು. ನಾನು ಚೀಲ ಬಿಚ್ಚಿದೆ. ಘಮ್ಮೆಂದು ನಿಂಬೆ ಚಹಾದ ವಾಸನೆ.

"ಚೆಲ್ಲಿತ್ತು, ಒರೆಸಿದೆ," ಎಂದ ಒರೆಸ್ಟ್, ಬಸ್ಸಿನಲ್ಲಿ ಸಿಕ್ಕಿಬಿದ್ದ ಹುಡುಗರಿಂದಲೇ ಕಲಿತಂತಹ ಮುಖ ಮಾಡಿ.

ಪಕ್ಕದ ಕೋಣೆಯಲ್ಲಿ ಇದರ ತದ್ವಿರುದ್ಧ. ಸ್ಟೆಫಾಳ ಚೀಲ ಮೂವತ್ತೊಂದು ಗ್ರಾಂ, ಮೂಗು ಬೀಟ್‌ರೂಟಿನಷ್ಟು ಕೆಂಪು. ಹಾಳೆಯಲ್ಲಿ ಮೇಲಿಂದ ಕೆಳಗಿನವರೆಗೆ ಸೊನ್ನೆ.

"ಮೂಗು ನಲ್ಲಿ ಥರ ಸುರೀತಿದೆಯಲ್ಲ ಸ್ಟೆಫಾ, ಸೊನ್ನೆ ಅಂದ್ರೆ ಹೇಗೆ?"

"ಇದೂ ಒಂದು ಕಾಯಿಲೇನಾ? ನಾನು ನೆಗಡಿ ಇಟ್ಕೊಂಡು ಮುನ್ನೂರು ಜನದ ಮದುವೆಗೆ ಕೋಸಿನ ಎಲೆ ಸುರುಳಿ ಸುತ್ತಿದೋಳು. ನಾಲ್ಕು ಬರೆಯೋಕೆ ನಾನೇನು ಒರೆಸ್ಟಾ?"

ನಾನು ಗೋಗರೆದ ಮೇಲೆ ಒಂದು ಕಡೆ ಮಾತ್ರ 'ಒಂದು' ಬರೆದಳು. ಅದೂ ಹೋಟೆಲಿನ ಸೂಪಿಗೆ ಎಂದಳು.

ನಾಲ್ಕನೇ ದಿನ ಅವಳಿಗೆ ಕೆಮ್ಮು ಶುರುವಾಯಿತು. ಐದನೇ ದಿನ ಇನ್ನೂ ಜೋರು. ದೊಡ್ಡ ಕೆಮ್ಮು, ಗೋಡೆ ದಾಟಿ ಕಾರಿಡಾರಿಗೆ ಕೇಳುವಂಥದ್ದು. ಡಾಕ್ಟರ್ ಎದೆ ಪರೀಕ್ಷಿಸಿ, ಭಯವಿಲ್ಲ, ಆದರೆ ಮೇಲಿನ ಉಸಿರುನಾಳ ಚೆನ್ನಾಗಿ ಊದಿದೆ ಎಂದರು. ಆ ಎರಡು ದಿನ ಒರೆಸ್ಟ್ ತಿಂಡಿಯ ಬಗ್ಗೆಯೂ ದೂರು ಹೇಳಲಿಲ್ಲ. ಟಿವಿಯಲ್ಲಿ ಕರ್ಲಿಂಗ್ ಎಂಬ ಮಂಜಿನಾಟದ ಪಂದ್ಯ ಓಡುತ್ತಿದ್ದರೂ ಸದ್ದು ಆರಿಸಿದ್ದ. ಅವನ ಹಾಳೆ ಖಾಲಿ ಇತ್ತು.

ಆರನೇ ಬೆಳಿಗ್ಗೆ ಬಾಟಲಿಗಳನ್ನು ತೂಗಿದೆ. ಸ್ಟೆಫಾಳ ಬಾಟಲಿ ಹಿಂದಿನ ಬೆಳಿಗ್ಗೆಯಿಂದ ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

"ಸ್ಪ್ರೇ ಹಾಕ್ಕೊಳ್ತಿದೀರಾ?" ಎಂದು ಅವಳನ್ನು ಕೇಳಿದೆ.

"ನಾಲ್ಕು ಹೊತ್ತೂ."

"ತಕ್ಕಡಿ ಬೇರೆ ಹೇಳ್ತಿದೆ."

ಅವಳು ಕೆಮ್ಮಿದಳು, ಕಿಟಕಿ ನೋಡಿದಳು. ನಡುಬಾಗಿಲ ಆಚೆಯಿಂದ ಆ ಭಾರೀ ಕಂಠ ಕೇಳಿಸಿತು. "ಅವಳನ್ನ ಬಯ್ಬೇಡಿ ಸಿಸ್ಟರ್. ಮಾಡಿದ್ದು ನಾನು."

ಚಿಲಕ ಸರಿಯಿತು. ಒರೆಸ್ಟ್ ಪೈಜಾಮದಲ್ಲೇ ಬಾಗಿಲಲ್ಲಿ ನಿಂತಿದ್ದ. "ನಿಜ ಹೇಳ್ತೀನಿ. ನನಗೆ ಏನೂ ಆಗಿಲ್ಲ. ಒಂದು ಸೀನೂ ಬಂದಿಲ್ಲ. ನನಗೇ ಏನೂ ಆಗಿಲ್ಲ ಅಂದ್ರೆ ನನ್ನ ಬಾಟಲೀಲಿರೋದೇ ಅಸಲಿ ಔಷಧಿ ತಾನೇ? ಇವಳಿಗೆ ಸಿಕ್ಕಿದ್ದು ಉಪ್ಪುನೀರು. ಅದಕ್ಕೇ ನನ್ನದನ್ನ ಇವಳಿಗೆ ಕೊಟ್ಟೆ."

"ಬಾಯಿ ಮುಚ್ಚೋ ಅಂದ್ರೂ ಕೇಳಲ್ಲ ಈ ಮನುಷ್ಯ," ಎಂದಳು ಸ್ಟೆಫಾ, ಕೆಮ್ಮುಗಳ ನಡುವೆ. "ಬೇಡ ಅಂದೆ. ಮೂಗಿಗೆ ಹಾಕೋವರೆಗೂ ತಟ್ಟೆ ಮುಟ್ಟಲ್ಲ ಅಂತ ಕೂತ. ಇವನು ಊಟ ಬಿಟ್ಟಿದ್ದು ನಾನು ನೋಡೇ ಇಲ್ಲ. ಗಾಬರಿಯಾಗಿ ಹಾಕ್ಕೊಂಡೆ."

ನಾನು ಅಲ್ಲೇ ಮಂಚದ ಅಂಚಿನಲ್ಲಿ ಕೂತೆ. ಎರಡು ವರ್ಷದ ಸಿದ್ಧತೆಯ ಪ್ರಯೋಗ. ಇಬ್ಬರ ಲೆಕ್ಕ ನೀರುಪಾಲು. ಪಕ್ಕದ ಕೋಣೆ ಕೊಟ್ಟವಳು ನಾನೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಪುಸ್ತಕದಲ್ಲಿ ಒಂದು ತೂಕ ತಿದ್ದಿದರೆ ಮುಗಿಯಿತು. ಆ ಯೋಚನೆ ಬಂತು, ಬರಲಿಲ್ಲ ಎನ್ನಲಾರೆ. ಒರೆಸ್ಟನ ಬರಿಗಾಲು ನೋಡಿದೆ. ತನಗೇನೂ ಆಗಿಲ್ಲ ಎಂದು ಒಪ್ಪಿಕೊಳ್ಳುವುದು ಅವನಿಗೆಷ್ಟು ಕಷ್ಟವಾಗಿತ್ತೋ! ನಾನು ನೇರ ಕೆಳಗಿಳಿದು ಡಾಕ್ಟರಿಗೆ ಎಲ್ಲ ಹೇಳಿದೆ, ಕೋಣೆಯ ವಿಷಯವನ್ನೂ.

ಡಾಕ್ಟರ್ ಪೆಟ್ರಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ಅವನು ಅವಳಿಗೆ ಕೊಟ್ಟ," ಎಂದರು ಕೊನೆಗೆ. "ತನಗೇ ಇಟ್ಕೊಳ್ಳೋ ಬದಲು ಕೊಟ್ಟ. ಇದನ್ನ ಯಾವ ಕಾಲಮ್ಮಿಗೆ ಹಾಕೋಣ ವೆರ್ನಾ?" ಆಮೇಲೆ ನನಗೆ ಸರಿಯಾಗಿಯೇ ಬೈದರು.

ಇಬ್ಬರನ್ನೂ ಲೆಕ್ಕದಿಂದ ತೆಗೆದೆವು, ಆದರೆ ಅವಧಿ ಮುಗಿಯದೆ ಮನೆಗೆ ಬಿಡುವ ಹಾಗಿರಲಿಲ್ಲ. ಎಂಟನೇ ದಿನ ಒರೆಸ್ಟನ ಕೋಣೆಗೆ ಹೋದಾಗ ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಕಣ್ಣು ನೀರಾಗಿತ್ತು, ಹಾಡುವ ಕಂಠ ಕಪ್ಪೆಯದಾಗಿತ್ತು. ಪಕ್ಕದಲ್ಲಿ ಒದ್ದೆ ಕಾಗದದ ಗುಡ್ಡ, ಈ ಸಲ ಚಹಾದ್ದಲ್ಲ. ನಾನು ಹನಿ ಹನಿ ಬಿಟ್ಟಾಗ ಹತ್ತದ ನೆಗಡಿ ಹೆಂಡತಿಯಿಂದ ಸಲೀಸಾಗಿ ಹತ್ತಿತ್ತು.

"ಹೇಗಿದೆ ಒರೆಸ್ಟ್?"

"ಪರವಾಗಿಲ್ಲ ಬಿಡಿ," ಎಂದ. ಆ ಮಾತು ಅವನ ಬಾಯಲ್ಲಿ ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಗಿ ಜ್ವರ ನೋಡಿದೆ. ಜ್ವರವಿರಲಿಲ್ಲ.

ಆರು ತಿಂಗಳ ಮೇಲೆ, ಯಾರಿಗೆ ಯಾವುದು ಎಂಬ ಗುಟ್ಟಿನ ಪಟ್ಟಿ ಬಿಚ್ಚಿದರು. ಔಷಧಿ ಪಡೆದವರಿಗೆ ಕೆಮ್ಮು ಒಂದೂವರೆ ದಿನ ಮುಂಚೆ ಇಳಿದಿತ್ತು. ದೊಡ್ಡ ಗೆಲುವಲ್ಲ, ಆದರೂ ಡಾಕ್ಟರ್ ಎಲ್ಲರಿಗೂ ಡೋನಟ್ ತರಿಸಿದರು. ಸವ್ಚುಕ್ ದಂಪತಿಗೆ ನಾನೇ ಫೋನ್ ಮಾಡಿದೆ. ಸ್ಟೆಫಾ ಎತ್ತಿದಳು.

"ನಿಮ್ಮ ಬಾಟಲೀಲಿದ್ದದ್ದೇ ಅಸಲಿ ಔಷಧಿ. ಒರೆಸ್ಟನದು ಉಪ್ಪುನೀರು," ಎಂದೆ.

ಅವಳು ನಗಲು ಶುರು ಮಾಡಿದಳು. "ಏ ಒರೆಸ್ಟ್! ಒಳ್ಳೇ ಔಷಧಿ ಬಿಡಿಸಿ ನನ್ನ ಮೂಗಿಗೆ ಸೌತೆಕಾಯಿ ಉಪ್ಪಿನಕಾಯಿ ನೀರು ಹುಯ್ದೆಯಂತೆ ಕಣೋ!"

ಅವನು ಫೋನ್ ಕಸಿದುಕೊಂಡ. "ಆದ್ರೂ ವಾಸಿ ಆಯ್ತಲ್ಲ ಸಿಸ್ಟರ್? ಅದನ್ನ ಬರ್ಕೊಂಡ್ರಾ?"

"ವರದೀಲಿ ಒಂದು ಸಾಲಿದೆ. 'ಇಬ್ಬರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ' ಅಂತ."

"ಇಬ್ಬರು ಅಂದ್ರೆ ನಾವೇನಾ?" ಎಂದ ಒರೆಸ್ಟ್. ಅವನ ಕಂಠ ಹೆಮ್ಮೆಯಿಂದ ಇನ್ನಷ್ಟು ಭಾರವಾಯಿತು. "ಸ್ಟೆಫಾ, ನಾವು ಪುಸ್ತಕದಲ್ಲಿ ಬಂದಿದೀವಂತೆ ಕಣೇ! ಒಂದು ಪ್ರತಿ ಕಳಿಸ್ತೀರಾ ಸಿಸ್ಟರ್? ಚರ್ಚಿನ ಗೋಡೆಗೆ ಅಂಟಿಸ್ಬೇಕು."