ಅಣ್ಣ ಕೊಟ್ಟ ಟೈರು

"ಬಿಚ್ಚೋ ಅದನ್ನ! ಬೆನ್ನಿಗೊಂದು ನಂಬರ್ ಅಂಟಿಸ್ಕೊಂಡ್ರೆ ನಮ್ ಸಮ ಆಗ್ಬಿಟ್ಯೇನೋ, ಬೋಳಿಮಗನೆ?"

ಸೈಕಲ್ ಕ್ಲಬ್ಬಿನ ಕಾರ್ಯದರ್ಶಿ ಎಷ್ಟು ಜಗ್ಗಿದರೂ ಏಳನೇ ನಂಬರಿನ ಬಟ್ಟೆ ಕಿತ್ತು ಬರಲಿಲ್ಲ. ಬೆಳಿಗ್ಗೆ ಗುಬ್ಬಿಯ ಹೆಂಡತಿ ಎರಡೆಳೆ ದಾರದಲ್ಲಿ ಹೊಲಿದಿದ್ದಳು. "ಗೆದ್ದು ಬಾ, ನಾನೇ ಬಿಚ್ತೀನಿ. ಅಲ್ಲೀವರ್ಗೂ ಯಾರೂ ಮುಟ್ಬಾರ್ದು" ಅಂದಿದ್ದಳು.

ಪುಟ್ಟ ಮೈಯವನಾದ್ದರಿಂದ ಅವನನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ರಿಪೇರಿ ಅಂಗಡಿಯಲ್ಲಿ ಕೂಲಿ. ಓಲಾಡುವ ಚಕ್ರವನ್ನು ಕಿವಿಯಿಂದಲೇ ನೇರ ಮಾಡುವವನು. ಒಂದೊಂದೇ ಕಡ್ಡಿ ಮೀಟಿ, ಸಡಿಲವಾದದ್ದನ್ನು ಅದರ ದನಿಯಲ್ಲೇ ಹಿಡಿಯುತ್ತಿದ್ದ. ಇಲ್ಲಿ ಸಾಲುಗಟ್ಟಿದ್ದ ದೊಡ್ಡಮನುಷ್ಯರ ಸೈಕಲ್ಲುಗಳೆಲ್ಲ ನಿನ್ನೆ ಅವನ ಕೈಯಿಂದಲೇ ಹೊರಟಿದ್ದವು.

"ಇದು ಹವ್ಯಾಸಿಗಳ ಪಂದ್ಯ ಕಣೋ. ಸೈಕಲ್ಲಿಂದ ಹೊಟ್ಟೆ ಹೊರೆಯೋರಿಗಲ್ಲ."

"ಹೊಟ್ಟೆ ಹೊರೆಯೋದು ಕೈಯಿಂದ ಸ್ವಾಮಿ. ತುಳಿಯೋದು ಕಾಲಿಂದ ತಾನೆ?"

ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಯ ಮುಖ ಕೆಂಪಾಯಿತು.

"ಬಾಯ್ಮುಚ್ಚು! ಆಟಕ್ಕೆ ಪ್ರತಿಫಲ ತಗೊಂಡಿದ್ದೀಯ. ಸಾಕ್ಷಿ ಇದೆ."

ಸಾಕ್ಷಿ ಮುಂದೆ ಬಂದ. ವಕೀಲ. ಎರಡು ವರ್ಷ ಗುಬ್ಬಿಯ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ತುಳಿಯುವುದನ್ನು ಕಲಿತವನು. ಏರು ಬಂದಾಗಲೆಲ್ಲ ಗುಬ್ಬಿ ಅವನಿಗಾಗಿ ಕಾಯುತ್ತಿದ್ದ. ಹೋದ ವಾರ, ಮೊದಲ ಸಲ, ಕಾಯದೆ ಅವನನ್ನು ಹಿಂದೆ ಹಾಕಿ ಹೋಗಿದ್ದ.

"ನಾನೊಂದು ಟೈರ್ ಕೊಟ್ಟಿದ್ದೆ," ವಕೀಲ ನೆಲ ನೋಡುತ್ತ ಹೇಳಿದ. "ಇವನು ತಗೊಂಡ."

ಅವತ್ತು ಗುಬ್ಬಿ ಬೇಡ ಅಣ್ಣಾ, ಬೇಡ ಎಂದು ಅಂಗಲಾಚಿದ್ದ. 'ನಿಂದು ಸವೆದು ಬೋಳಾಗಿದೆ, ಬಿದ್ದು ಸಾಯ್ತೀಯ. ತಮ್ಮ ಅಂದ್ಕೊಂಡು ಕೊಡ್ತಿದ್ದೀನಿ' ಎಂದು ವಕೀಲನೇ ಮಂಡಿಯೂರಿ, ಹಿಂದಿನ ಚಕ್ರಕ್ಕೆ ಹಾಕಿದ್ದ.

"ನನ್ ಮುಖ ನೋಡಿ ಹೇಳಣ್ಣಾ."

ವಕೀಲ ನೋಡಲಿಲ್ಲ.

ಗುಬ್ಬಿ ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರದ ಗಾಳಿ ಬಿಟ್ಟ. ಬುಸ್ಸೆಂದಿತು. ಚಕ್ರ ಕಳಚಿ, ಟೈರು ಕಿತ್ತು ವಕೀಲನ ಕೊರಳಿಗೆ ಇಳಿಸಿದ.

"ತಗೋ. ಇನ್ನೊಬ್ಬ ತಮ್ಮ ಸಿಕ್ಕಾಗ ಬೇಕಾಗ್ತದೆ."

ಬರಿ ಕಬ್ಬಿಣದ ಹಿಂಚಕ್ರವನ್ನು ಮತ್ತೆ ಕೂರಿಸಿ ಸೈಕಲ್ ಹತ್ತಿದ.

"ಎಲ್ಲಿಗೋ ಹೊರಟೆ?"

"ರಸ್ತೆ ನಿಮ್ಮಪ್ಪಂದಾ?" ಅಂದವನು ಸಾಲಿನತ್ತ ತಿರುಗಿದ. "ನಿಮ್ ಚಕ್ರಾನೂ ನಾನೇ ಬಿಗಿದಿದ್ದು. ನೆನಪಿರ್ಲಿ."

ಕಾರ್ಯದರ್ಶಿ ಹಿಡಿದೆಳೆದ. ಅಂಗಿಯ ತೋಳು ಹರಿದು ಅವನ ಕೈಗೆ ಬಂತು. ಏಳನೇ ನಂಬರು ಮಾತ್ರ ಬೆನ್ನ ಮೇಲೇ ಹೋಯಿತು, ಕಲ್ಲುಹಾಸಿನ ಮೇಲೆ ಕಬ್ಬಿಣ ಕರಕರ ಅರೆಯುತ್ತ.

ಸೀಟಿ ಊದಿದರೂ ಯಾರೂ ಹೊರಡಲಿಲ್ಲ. ದೊಡ್ಡಮನುಷ್ಯರು ಒಬ್ಬೊಬ್ಬರಾಗಿ ಇಳಿದು, ಬಗ್ಗಿ, ತಮ್ಮ ತಮ್ಮ ಚಕ್ರದ ಕಡ್ಡಿಗಳನ್ನು ಮೀಟತೊಡಗಿದರು. ಯಾವ ದನಿ ಬಿಗಿ, ಯಾವುದು ಸಡಿಲ, ಒಬ್ಬನಿಗೂ ತಿಳಿಯಲಿಲ್ಲ.