ಸ್ಕ್ರೂ ಹಾಕಿದ ಪೆಟ್ಟಿಗೆ

ಹಡಗಿನ ಬಾಡಿಗೆ ಒಂದು ಮನೆ ಕಟ್ಟುವಷ್ಟು, ವಿಮೆ ಎರಡು ಮನೆ ಕಟ್ಟುವಷ್ಟು, ಮ್ಯೂಸಿಯಂ ಕೋಣೆಗೆ ಕೂರಿಸಿದ ಏಸಿಗೆ ಒಂದು ಕಾರಿನ ದುಡ್ಡು. ಪೆಟ್ಟಿಗೆ ಬಿಚ್ಚುವ ಬಡಗಿಗೆ ಎರಡು ದಿನದ ಕೂಲಿ. ಇಷ್ಟು ಲೆಕ್ಕದಲ್ಲಿ ಪೆಟ್ಟಿಗೆಯೊಳಗಿನ ಬಾಗಿಲಿನ ಬೆಲೆಯೊಂದೇ ಎಲ್ಲೂ ಇರಲಿಲ್ಲ.

ಬಾಗಿಲು ಬಡಗಿಯ ದೊಡ್ಡಮ್ಮನ ತವರಿನದು. ನೂರಿಪ್ಪತ್ತು ವರ್ಷಗಳ ಹಿಂದೆ ಪರದೇಶದ ಸಿಪಾಯಿಗಳು ಆ ಮನೆಗೆ ಬೆಂಕಿಯಿಟ್ಟು, ಕೆತ್ತನೆ ಚೆನ್ನಾಗಿದೆಯೆಂದು ಎರಡು ಕದಗಳನ್ನು ಮಾತ್ರ ಕಿತ್ತು ಹಡಗಿಗೇರಿಸಿದ್ದರು. ಅವನ್ನು ಕೊಡಿ ಎಂದು ದೊಡ್ಡಮ್ಮ ನಲವತ್ತು ವರ್ಷ ಅರ್ಜಿ ಬರೆದಿದ್ದಳು. ಅಂಚೆಯವನು ಅವಳಿಗೆ 'ಬಾಗಿಲಮ್ಮ' ಎಂದೇ ಹೆಸರಿಟ್ಟಿದ್ದ. ಈಗ ಬಾಗಿಲು ಬಂದಿತ್ತು. ನಾಳೆಯ ಸಮಾರಂಭದಲ್ಲಿ, ಬಾಗಿಲು ಮುಟ್ಟಿತು, ಇನ್ನು ನಮ್ಮ ತಕರಾರಿಲ್ಲ ಎಂಬ ಕಾಗದಕ್ಕೆ ಅವಳು ಸಹಿ ಹಾಕುವುದಷ್ಟೇ ಬಾಕಿ.

ಬಡಗಿ ಮೊಳೆ ಕೀಳುವ ಸಲಾಕೆ ಹಿಡಿದು ಹೋದ. ಪೆಟ್ಟಿಗೆಯಲ್ಲಿ ಒಂದೂ ಮೊಳೆಯಿರಲಿಲ್ಲ. ಎಲ್ಲ ಸ್ಕ್ರೂ. ಪ್ರತಿ ಹಲಗೆಗೂ ನಂಬರು. ಹತ್ತು ಸಲ ಬಿಚ್ಚಿ ಹಾಕಿದರೂ ಮರ ಸವೆಯದಂತೆ ತೂತುಗಳಿಗೆ ಹಿತ್ತಾಳೆಯ ಬಳೆ ಕೂರಿಸಿದ್ದರು. ಮೂವತ್ತು ವರ್ಷ ಪೆಟ್ಟಿಗೆ ಮಾಡಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಟ್ಟುಬಿಟ್ಟ ಮಾಲಿಗೆ ಮೊಳೆ ಹೊಡೆಯುತ್ತಾರೆ. ವಾಪಸು ಬರಬೇಕಾದ ಮಾಲಿಗೆ ಸ್ಕ್ರೂ ಹಾಕುತ್ತಾರೆ.

ಏನೂ ತಿಳಿಯದವನಂತೆ, ಬಿಚ್ಚಿದ ಈ ಹಲಗೆಗಳನ್ನು ಸೌದೆಗೆ ಒಯ್ಯಲೇ ಎಂದು ಮ್ಯೂಸಿಯಂ ಸಾಹೇಬರನ್ನು ಕೇಳಿದ. ಅವರು ಗಾಬರಿಯಾದರು. ಪೆಟ್ಟಿಗೆಯನ್ನು ಮೂರು ವರ್ಷ ಜೋಪಾನ ಮಾಡಬೇಕಂತೆ. ಕೆದಕಿದಷ್ಟೂ ಹೊರಬಿತ್ತು: ಬಾಗಿಲು ಬಂದಿರುವುದು ಎರವಲಿಗೆ. ಇಲ್ಲಿ ಬಂದರು ಕಟ್ಟಲು ಸರ್ಕಾರಕ್ಕೆ ಬಾಗಿಲು ಒಯ್ದ ಆ ದೇಶವೇ ಸಾಲ ಕೊಡಬೇಕು. ಹಳೆಯ ತಕರಾರು ಮುಗಿಯಿತೆಂಬ ಸಹಿ ಕೈಸೇರದೆ ಅದು ಹಣ ಬಿಡುವುದಿಲ್ಲ.

"ನೋಡಿ ಮೇಸ್ತ್ರಿ, ನಾನೂ ಹೊಟ್ಟೆಪಾಡಿನವನು. ಅಜ್ಜಿ ಬಾಗಿಲು ನೋಡಿ ಖುಷಿಪಡಲಿ ಬಿಡಿ. ನಿಮಗೂ ಇಲ್ಲಿ ವರ್ಷಪೂರ್ತಿ ಕೆಲಸ ಇದೆ," ಎಂದರು ಸಾಹೇಬರು.

ಮಾತು ಮೆತ್ತಗಿತ್ತು, ಒಳಗೆ ಮುಳ್ಳಿತ್ತು. ಬಡಗಿ ಯೋಚಿಸುತ್ತ ಮನೆಯ ದಾರಿ ಹಿಡಿದ. ಎಂಬತ್ತೆರಡರ ಜೀವ, ಮೂರು ವರ್ಷವೆಂದರೆ ಅವಳ ಪಾಲಿಗೆ ಉಳಿದ ಆಯುಷ್ಯವೇ ಇರಬಹುದು. ಸುಮ್ಮನಿದ್ದರೆ ಹಾವೂ ಸಾಯದು, ಕೋಲೂ ಮುರಿಯದು. ಆದರೆ ಸಹಿ ಅವಳದು. ಕಣ್ಣು ಕಟ್ಟಿ ಹಾಕಿಸಲು ತಾನು ಯಾರು? ಹೋದವನೇ ಎಲ್ಲ ಹೇಳಿಬಿಟ್ಟ.

ದೊಡ್ಡಮ್ಮ ನಾಳೆಗೆಂದು ಇಸ್ತ್ರಿ ಮಾಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಅಂದ್ರೆ ನಮ್ಮನೆ ಬಾಗಿಲು ನಮಗೇ ಎರವಲು. ಒಳ್ಳೆ ನೆಂಟಸ್ತನ ಕಣೋ."

"ಸಹಿ ಹಾಕಿದ್ರೆ ಕಣ್ತುಂಬ ನೋಡಬಹುದು ದೊಡ್ಡಮ್ಮ. ಇಲ್ಲಾಂದ್ರೆ ಒಳಗೇ ಬಿಡಲ್ಲ ಅವರು."

"ನೀನು ಮುಟ್ಟಿದ್ಯಾ?"

"ಮುಟ್ಟಿದೆ. ಕೆಳಗಡೆ ಸುಟ್ಟ ಕಲೆ ಇನ್ನೂ ಹಾಗೇ ಇದೆ."

ಅವಳು ಇಸ್ತ್ರಿಯ ಬಟ್ಟೆಯನ್ನು ಮತ್ತೆ ಟ್ರಂಕಿನೊಳಗಿಟ್ಟಳು.

"ಹಾಗಾದ್ರೆ ನಮ್ಮೋರು ಒಬ್ಬರು ಮುಟ್ಟಿದ ಹಾಗಾಯ್ತು. ಸಹಿ ಹಾಕಲ್ಲ ಅಂತ ಹೇಳು ಹೋಗು."

ಸಮಾರಂಭ ನಡೆಯಲಿಲ್ಲ. ತಿಂಗಳೊಳಗೆ ಕದಗಳು ಹಡಗು ಹತ್ತಿದವು. ಬಂದರಿನ ಸಾಲ ನಿಂತಿತು, ಬಡಗಿಯ ಮ್ಯೂಸಿಯಂ ಕೆಲಸ ಹೋಯಿತು, ದೊಡ್ಡಮ್ಮ ಬಾಗಿಲನ್ನು ಕಾಣಲೇ ಇಲ್ಲ. ಅದು ನಮ್ಮದು ಎಂದು ಕೇಳುವ ಹಕ್ಕು ಮಾತ್ರ ಉಳಿಯಿತು.